ಆರು ಅಂಗುಲದ ಸಮುದ್ರೋಲ್ಲಂಘನ

ಇವತ್ತು ಬೆಳಿಗ್ಗೆ ಬಡಗಿ ಬಂದು ಬಾಗಿಲು ತಟ್ಟಿದ. ಬಾಗಿಲು ತೆಗೆದು ಹೊರಗೆ ಕಾಲಿಡುವ ಆತುರದಲ್ಲಿ ನನ್ನ ಎಡಗಾಲಿನ ಕಿರುಬೆರಳು ಹೊಸ್ತಿಲಿಗೆ ಬಡಿಯಿತು. ಆ ನೋವನ್ನು ವಿವರಿಸಬೇಕಾಗಿಲ್ಲ. ಅದು ಗೊತ್ತಿಲ್ಲದವರು ಯಾರೂ ಇಲ್ಲ. ನಾನು ಒಂಟಿಕಾಲಲ್ಲಿ ಕುಣಿಯುತ್ತಿದ್ದರೆ ಆತ ಉಳಿ ಸುತ್ತಿಗೆಯ ಚೀಲ ಕೆಳಗಿಟ್ಟು, "ನೋಡಿ ಸಾರ್, ಇದಕ್ಕೇ ನಾನು ಹೇಳೋದು. ಹೊಸ್ತಿಲು ತೆಗೆದುಬಿಡೋಣ. ಈಗ ಯಾರೂ ಇಡಲ್ಲ" ಎಂದ. ನಾನು ಕರೆದದ್ದು ಗೆದ್ದಲು ತಿಂದ ಒಂದು ತುದಿಗೆ ಹೊಸ ಮರ ಕೂರಿಸಿಕೊಡು ಎಂದು. ನೆಗಡಿ ಬಂದರೆ ಮೂಗು ಕೊಯ್ಯುವ ವೈದ್ಯ ಸಿಕ್ಕಿದ.

ಮನೆಯೊಳಗಿನ ಸ್ಪಂದನ ಇನ್ನೂ ಚೆನ್ನಾಗಿತ್ತು. ನನ್ನಾಕೆ ಅಡುಗೆಮನೆಯಿಂದಲೇ "ಅರಿಸಿನ ಹಚ್ಕೊಳ್ಳಿ" ಎಂದಳು. ಸೌಟಿನ ಸದ್ದು ನಿಲ್ಲಲಿಲ್ಲ. ಅಮ್ಮ ಹೂವು ಬಿಡಿಸುತ್ತ ಕೂತಿದ್ದವರು, "ಹೊಸ್ತಿಲಿಗೆ ಕಾಲು ತಾಗಿಸ್ತಾರೇನೋ? ಮುಟ್ಟಿ ಕಣ್ಣಿಗೊತ್ತಿಕೋ" ಎಂದರು. ಅವರ ಕನಿಕರವೆಲ್ಲ ಹೊಸ್ತಿಲ ಕಡೆಗೆ. ಮಗಳು ಫೋನಿನಿಂದ ತಲೆ ಎತ್ತದೆ, "ಅಪ್ಪ, ಪ್ಲಾಸ್ಟರ್ ಹಾಕಿಸ್ಕೊ. ಆಮೇಲೆ ಎಲ್ರೂ ಹಡಗಲ್ಲಿ ಹೋಗೋಣ" ಎಂದಳು.

ಚುಚ್ಚಿದ್ದು ಇದು. ಪ್ಲಾಸ್ಟರ್ ಇಲ್ಲದ ನೋವಿಗೆ ನಮ್ಮ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ ಎನ್ನುವುದು ನನಗೆ ಗೊತ್ತಾದದ್ದೇ ಹೋದ ಡಿಸೆಂಬರಿನ ಆ ಹಡಗಿನಲ್ಲಿ.

ಹಡಗಿನ ಪ್ರವಾಸ ಎಂದರೇನು ಎಂದು ನಾನು ಹೇಳಹೊರಡುವುದಿಲ್ಲ. ನೆಂಟರಲ್ಲಿ ಯಾರಾದರೂ ಹೋಗಿ ಬಂದಿರುತ್ತಾರೆ, ಅವರ ನೂರಾ ನಲವತ್ತು ಫೋಟೋಗಳನ್ನು ನೀವೂ ನೋಡಿರುತ್ತೀರಿ. ಹೊತ್ತು ಹೊತ್ತಿಗೆ ಊಟ, ಊಟದ ನಡುವೆ ತಿಂಡಿ, ರಾತ್ರಿ ಹಾಡು ಕುಣಿತ. ಮುಂಬಯಿಯಲ್ಲಿ ಹತ್ತಿ, ಒಂದು ಹಗಲು ಬರೀ ನೀರು ನೋಡಿ, ಲಕ್ಷದ್ವೀಪದ ಅಗತ್ತಿಯಲ್ಲಿ ಇಳಿದು, ಮತ್ತೆ ನೀರು ನೋಡಿಕೊಂಡು ಮುಂಬಯಿಗೆ ಬರುವುದು. ಹೋಗುವ ದಾರಿಯೇ ಸುಮಾರು 900 ಕಿಲೋಮೀಟರ್. ಆರು ತಿಂಗಳು ಮೊದಲೇ ದುಡ್ಡು ಕಟ್ಟಿದ್ದೆ. ಹೊರಡಲು ಹನ್ನೆರಡು ದಿನ ಇರುವಾಗ ಒಂಬತ್ತನೇ ಕ್ಲಾಸಿನ ನಮ್ಮ ಪುಟ್ಟಿ ಖೋ ಖೋ ಆಡುತ್ತ ಕಂಬ ಹಿಡಿದು ತಿರುಗಿದಳು. ಮೈ ತಿರುಗಿತು, ಬಲಪಾದ ತಿರುಗಲಿಲ್ಲ. ಗಿಣ್ಣಿನ ಮೂಳೆಯಲ್ಲಿ ಬಿರುಕು, ಮೊಣಕಾಲ ಕೆಳಗಿನಿಂದ ಬೆರಳ ಬುಡದವರೆಗೆ ಫೈಬರ್ ಗ್ಲಾಸಿನ ಕಟ್ಟು, ಆರು ವಾರ. ಕಟ್ಟಿಗೆ ಬಣ್ಣ ಆರಿಸಿಕೊಳ್ಳಬಹುದೆಂದು ಗೊತ್ತಾದ ಕ್ಷಣ ಅವಳ ಅಳು ನಿಂತಿತು. ನೇರಳೆ ಬಣ್ಣ ಆರಿಸಿಕೊಂಡಳು.

ದುಡ್ಡು ವಾಪಸ್ ಬರುತ್ತದೆಯೇ ಎಂದು ಟಿಕೆಟ್ ಮಾಡಿಸಿಕೊಟ್ಟ ಏಜೆಂಟನನ್ನು ಕೇಳಿದೆ. "ಮುರಿದದ್ದು ಕಾಲು ಸಾರ್, ಟಿಕೆಟ್ ಅಲ್ವಲ್ಲ" ಎಂದ. ಡಾಕ್ಟರನ್ನು ಕೇಳಿದರೆ, "ಧಾರಾಳವಾಗಿ ಸಮುದ್ರಕ್ಕೆ ಹೋಗಿ. ಸಮುದ್ರಕ್ಕೆ ಮಾತ್ರ ಇಳಿಸಬೇಡಿ" ಎಂದರು. ಹೀಗೆ ಇಬ್ಬರು ತಿಳಿದವರ ಮಾತಿನ ಮೇಲೆ ನಾವು ನಾಲ್ವರು ಒಂದು ಜೊತೆ ಊರುಗೋಲು ಹಿಡಿದು ದಾದರ್ ರೈಲು ಹತ್ತಿದೆವು. ಕನ್ನಡದಲ್ಲಿ ಊರು ಎಂದರೆ ಊರೂ ಹೌದು, ನೆಲಕ್ಕೆ ಊರುವುದೂ ಹೌದು, ಸಂಸ್ಕೃತದ ತೊಡೆಯೂ ಹೌದು. ಊರು ಬಿಟ್ಟು ಊರು ನೋಡಲು ಊರುತ್ತ ಹೋಗುವ ಯೋಗ ನಮಗೊದಗಿತ್ತು.

ಮುಂಬಯಿಯ ಬಂದರಿನಲ್ಲಿ ಗಾಲಿಕುರ್ಚಿ ತಂದು ನಿಲ್ಲಿಸಿದರು. ಎಲ್ಲಿಯೂ ನಿಲ್ಲದೆ ತಿರುಗುವವರನ್ನು ನಾವು 'ಕಾಲಿಗೆ ಚಕ್ರ ಕಟ್ಟಿಕೊಂಡವರು' ಎನ್ನುತ್ತೇವೆ. ಆ ಮಾತು ಮಾಡಿದವರು ಗಾಲಿಕುರ್ಚಿಯನ್ನು ಕಂಡಿರಲಾರರು. ಹದಿನೈದು ವರ್ಷದ ಹುಡುಗಿಗೆ ಅದರಲ್ಲಿ ಕೂರುವುದೆಂದರೆ ಸಾವೇ. ದುಪಟ್ಟಾ ಮುಖಕ್ಕೆಳೆದುಕೊಂಡು ಕೂತಳು. ಐದು ನಿಮಿಷ ಅಷ್ಟೆ. ಇನ್ನೂರು ಜನರ ಸಾಲನ್ನು ಬದಿಗೆ ಸರಿಸಿ ನಮ್ಮನ್ನು ಮುಂದೆ ಬಿಟ್ಟಾಗ ದುಪಟ್ಟಾ ಕೆಳಗಿಳಿಯಿತು. ಹಡಗಿನ ಬಾಯಿಗೆ ತಲುಪುವಷ್ಟರಲ್ಲಿ ಅವಳು ಜಂಬೂಸವಾರಿಯ ಅಂಬಾರಿಯಲ್ಲಿದ್ದಳು, ನಾನು ಮಾವುತನಾಗಿದ್ದೆ.

ಹಡಗಿನ ಬಾಯಲ್ಲಿ ಅಮ್ಮ ಎಲ್ಲರನ್ನೂ ತಡೆದರು. ಮೊದಲ ಸಲ ಹತ್ತುತ್ತಿರುವುದು, ಬಲಗಾಲಿಟ್ಟು ಹತ್ತಬೇಕು. ಪುಟ್ಟಿಯ ಬಲಗಾಲೇ ಕಟ್ಟಿನಲ್ಲಿತ್ತು. ಫಿಸಿಯೋಥೆರಪಿಯವರು ಕಲಿಸಿಕೊಟ್ಟ ಸೂತ್ರ ಬೇರೆ: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಅಂದರೆ ಎಡಗಾಲು. ಶಾಸ್ತ್ರಕ್ಕೂ ಶಾಸ್ತ್ರಕ್ಕೂ ಜಗಳ ಹತ್ತಿದಾಗ ಬಂದರಿನ ಹುಡುಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಚಕ್ರಗಳನ್ನೇ ಮೊದಲು ಒಳಗೆ ಹಾಕಿದ. ಎಡಬಲವಿಲ್ಲದ ಪ್ರವೇಶ. ಅಮ್ಮ ಮಾತ್ರ ತಮ್ಮ ಬಲಗಾಲನ್ನು ನೋಡಿ ನೋಡಿ ಇಟ್ಟರು. ಸಮುದ್ರ ದಾಟಿ ಬಂದವರಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದ ಮನೆತನದವರಲ್ಲವೇ ಎಂದು ಕಾಲೆಳೆದರೆ, "ಲಕ್ಷದ್ವೀಪ ನಮ್ಮ ದೇಶದ್ದೇ ಅಲ್ವೇನೋ? ಒಂದು ರೂಮಿಂದ ಇನ್ನೊಂದು ರೂಮಿಗೆ ಹೋದ ಹಾಗೆ" ಎಂದರು.

ಒಂದು ರೂಮಿಂದ ಇನ್ನೊಂದಕ್ಕೆ ಹೋಗುವುದು ಎಷ್ಟು ಕಷ್ಟ ಎಂಬುದು ನಮ್ಮ ಕೋಣೆ ಸೇರಿದ ಮೇಲೆ ತಿಳಿಯಿತು. ಪಡಸಾಲೆಗಳಲ್ಲಿ ಕುರ್ಚಿ ನುಣ್ಣಗೆ ಉರುಳಿತು. ಕೋಣೆಯ ಬಾಗಿಲಿಗೂ ತೊಂದರೆಯಾಗಲಿಲ್ಲ. ಆದರೆ ಬಚ್ಚಲುಮನೆಯ ಬಾಗಿಲಲ್ಲಿ ಎದ್ದು ನಿಂತಿತ್ತು ಒಂದು ಹೊಸ್ತಿಲು. ಆರು ಅಂಗುಲದ್ದು, ಉಕ್ಕಿನದು, ಬಿಳಿ ಬಣ್ಣ ಬಳಿದದ್ದು. ಸಾವಿರಾರು ಜನ ಹಿಡಿಯುವ ಹಡಗು, ಹನ್ನೊಂದು ಅಂತಸ್ತು, ಈಜುಕೊಳ, ಸಿನಿಮಾ ಮಂದಿರ, ಎಲ್ಲವನ್ನೂ ದಾಟಿ ಬಂದ ಅಂಬಾರಿ ಅಲ್ಲಿ ನಿಂತಿತು. ಮಗಳು ಹೊಸ್ತಿಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಡ್ಡಗಾಲು ಹಾಕಿದವನು ನಾನೇ ಎನ್ನುವ ಹಾಗಿತ್ತು ಆ ನೋಟ.

ಕೋಣೆ ಚೊಕ್ಕಟ ಮಾಡುವ ಹುಡುಗ ಆ ಹೊತ್ತಿಗೆ ಟವೆಲು ತಂದ. ನಮ್ಮ ಮಾತು ಕೇಳಿ ಅವನ ಮುಖ ಅರಳಿತು. "ಹ್ವಾಯ್, ಕನ್ನಡದವ್ರಾ ನೀವ್?" ಎಂದ. ಕುಂದಾಪುರದ ಕಡೆಯವನು. ಈ ಹೊಸ್ತಿಲು ಯಾಕಪ್ಪ ಎಂದರೆ, "ನೀರ್ ಹೊರ್ಗ್ ಬಪ್ಪುಕಾಗ ಅಂದೇಳಿ ಇಟ್ಟದ್" ಎಂದು ಎರಡೇ ಮಾತಿನಲ್ಲಿ ಮುಗಿಸಿದ. ಹಡಗು ವಾಲುತ್ತದೆ, ವಾಲಿದಾಗ ಬಚ್ಚಲಿನ ನೀರು ಹಾಸಿಗೆಗೆ ಬರಬಾರದು.

ನನಗೆ ರೋಮಾಂಚನವಾಯಿತು. ಮನೆಗೆ ಬಂದ ಮೇಲೆ ಅದರ ಬೆನ್ನು ಹತ್ತಿ ಓದಿದೆ. ಹಡಗುಗಳ ಬಗ್ಗೆ ದೇಶದೇಶಗಳು ಸೇರಿ 1966ರಲ್ಲಿ ಮಾಡಿಕೊಂಡ ಲೋಡ್ ಲೈನ್ ಒಪ್ಪಂದ ಎಂಬುದೊಂದಿದೆ. ಯಾವ ಹಡಗು ಎಷ್ಟು ಆಳ ಮುಳುಗುವಷ್ಟು ಹೊರೆ ಹೇರಬಹುದು ಎಂದು ಹೇಳುವ ಒಪ್ಪಂದ ಅದು. ಅದರಲ್ಲಿ ಹೊಸ್ತಿಲಿಗೂ ಅಳತೆ ಇದೆ! ಡೆಕ್ಕಿನ ಮೇಲಣ ಕಟ್ಟಡದ ಕೊನೆಗೋಡೆಯ ಬಾಗಿಲುಗಳಿಗೆ ಹೊಸ್ತಿಲು ಕಡಿಮೆಯೆಂದರೂ 380 ಮಿಲಿಮೀಟರ್ ಇರಬೇಕು. ಹದಿನೈದು ಅಂಗುಲ. ಬಚ್ಚಲಿನ ನೀರು ಒಳಕ್ಕೆ ಬಂದರೆ ಚಾಪೆ ಒದ್ದೆ, ಸಮುದ್ರದ ನೀರು ಒಳಕ್ಕೆ ಬಂದರೆ ಎಲ್ಲರೂ ಒದ್ದೆ. ಜಗತ್ತಿನ ಸರ್ಕಾರಗಳು ಕೂತು ಹೊಸ್ತಿಲಿನ ಎತ್ತರ ಗೊತ್ತುಮಾಡಿವೆ. ನಮ್ಮ ಬಡಗಿ ಹೇಳುತ್ತಾನೆ, ಈಗ ಯಾರೂ ಇಡಲ್ಲ ಸಾರ್!

ಹೊಸ್ತಿಲಿನ ವಿಷಯ ಬಂದರೆ ನಾನು ನಿಲ್ಲುವವನಲ್ಲ, ಮನೆಯವರಿಗೆ ಗೊತ್ತು. ನೀವೂ ಸ್ವಲ್ಪ ಸಹಿಸಿಕೊಳ್ಳಿ. ಮನೆ ಕಟ್ಟುವಾಗ ಗೋಡೆಗೆ ಪೂಜೆ ಇಲ್ಲ, ಕಿಟಕಿಗೆ ಪೂಜೆ ಇಲ್ಲ, ಬಾಗಿಲು ನಿಲ್ಲಿಸುವಾಗ ಇದೆ. ನಮ್ಮ ಈ ಹೊಸ್ತಿಲಿನ ಅಡಿಯಲ್ಲಿ ತಾತ ಇಡಿಸಿದ ನವರತ್ನದ ಪೊಟ್ಟಣವಿದೆ. ನವರತ್ನ ಎಂದರೆ ಕಾಳಿನಷ್ಟು ಗಾತ್ರದ ಬಣ್ಣದ ಕಲ್ಲುಗಳೇ. ಗೆದ್ದಲು ಮುಟ್ಟದೇ ಇರುವ ಭಾಗ ಅದೊಂದೇ ಇರಬೇಕು. ಮದುವೆಯಾಗಿ ಬಂದವಳು ಅಕ್ಕಿಯ ಸೇರು ಒದೆಯುವುದು ಇದರ ಮೇಲೆ. ಇದರ ಮೇಲೆ ಕೂರಬಾರದು, ನಿಂತು ಸೀನಬಾರದು, ಆಚೆಯವರು ಈಚೆಯವರಿಗೆ ಏನನ್ನೂ ಕೊಡಬಾರದು. ಇಷ್ಟೊಂದು 'ಬಾರದು'ಗಳನ್ನು ಹೊತ್ತ ಮರದ ತುಂಡು ಇನ್ನೊಂದಿಲ್ಲ. ಮನೆಯ ಯಜಮಾನ ಒಳಗಿದ್ದಾನೋ ಇಲ್ಲವೋ ಎಂಬುದಕ್ಕೆ ಬಸವಣ್ಣನವರು ಸಾಕ್ಷಿಗೆ ಕರೆದದ್ದೂ ಹೊಸ್ತಿಲನ್ನೇ, ಅಲ್ಲಿ ಬೆಳೆದ ಹುಲ್ಲನ್ನೇ. ಇನ್ನು ಹಿರಣ್ಯಕಶಿಪು. ಒಳಗೂ ಸಾಯಬಾರದು ಹೊರಗೂ ಸಾಯಬಾರದು ಎಂದು ವರ ಬೇಡಿದವನು ಹೊಸ್ತಿಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಹುಶಃ ಅವನ ಬಡಗಿಯೂ ಈಗ ಯಾರೂ ಇಡಲ್ಲ ಎಂದಿದ್ದನೇನೋ.

ಪುಟ್ಟಿಗೆ ಎದುರಾದದ್ದೂ ಅದೇ ತೊಡಕು. ಏರುವಾಗ ಗಟ್ಟಿ ಕಾಲು, ಇಳಿಯುವಾಗ ಪೆಟ್ಟಿನ ಕಾಲು, ಸರಿ. ಹೊಸ್ತಿಲು ಏರುವುದೋ, ಇಳಿಯುವುದೋ? ಏರಿದ ಕಾಲಿಗೆ ನಿಲ್ಲಲು ಜಾಗವೇ ಇಲ್ಲ, ಅಷ್ಟರಲ್ಲಿ ಇಳಿತ. ಮೊದಲ ದಿನವೆಲ್ಲ ನಾನು, ನನ್ನಾಕೆ ಆಚೀಚೆ ಕಂಕುಳಿಗೆ ಕೈಕೊಟ್ಟು ದಾಟಿಸಿದೆವು. ದಾಟಿಸುವಾಗಲೆಲ್ಲ ಅವಳು ಕಣ್ಣು ಮುಚ್ಚುತ್ತಿದ್ದಳು, ಭಯಕ್ಕಲ್ಲ, ನಾಚಿಕೆಗೆ. ಬಚ್ಚಲಿಗೆ ಹೋಗಲು ಅಪ್ಪ ಅಮ್ಮ ಬೇಕಾದ ವಯಸ್ಸು ದಾಟಿ ಹನ್ನೆರಡು ವರ್ಷವಾಗಿತ್ತು.

ಇದನ್ನು ಬಿಟ್ಟರೆ ಮಿಕ್ಕೆಲ್ಲ ರಾಜಭೋಗ. ಊಟದ ಮನೆಯಲ್ಲಿ ಅವಳಿಗೆ ಕಿಟಕಿಯ ಪಕ್ಕದ ಮೇಜು. ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ತೋರಿಸುವ ಕವಾಯತು ಹೊರಡುವ ಮುಂಚೆಯೇ ಆಗುತ್ತದೆ. ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು ಕೇಳಿದರೆ ಓಡಬೇಕು, ಲಿಫ್ಟ್ ಹತ್ತಬಾರದು. ಅವಳ ಹೆಸರನ್ನು ಮಾತ್ರ ಬೇರೆ ಪಟ್ಟಿಯಲ್ಲಿ ಬರೆದುಕೊಂಡರು. ಹೊತ್ತು ಇಳಿಸಲು ಜನ ಬರುತ್ತಾರಂತೆ. "ನೀವು ಮೂರು ಜನ ಮೆಟ್ಟಿಲು" ಎಂದು ಅವಳು ನಮಗೆ ನೆನಪಿಸಿದಳು. ಕಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅಡುಗೆಯವರು, ಹಾಡುವವರು, ಜಾದೂ ಮಾಡುವವನು ಎಲ್ಲರೂ ಸಹಿ ಹಾಕಿದರು. ಒಳಗೆ ತುರಿಕೆ ಬಂದರೆ ಅಮ್ಮ ತಮ್ಮ ಸ್ವೆಟರ್ ಹೆಣೆಯುವ ಕಡ್ಡಿ ಹಿಡಿದು ಸಿದ್ಧವಾಗುತ್ತಿದ್ದರು, ನನ್ನಾಕೆ ಅದನ್ನು ಕಸಿದುಕೊಂಡು ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಊದುತ್ತಿದ್ದಳು. ಅದೇ ದಿನ ನನಗೆ ಸೊಂಟ ಹಿಡಿದಿತ್ತು. ಮುನ್ನೂರು ಮೀಟರ್ ಉದ್ದದ ಪಡಸಾಲೆಯಲ್ಲಿ ಕುರ್ಚಿ ತಳ್ಳಿದ ಸೊಂಟ. ಹೇಳಿದೆ. ಯಾರಿಗೂ ಕೇಳಿಸಲಿಲ್ಲ.

ಅಗತ್ತಿಯ ಬೆಳಗು ಬಂತು. ಈ ದ್ವೀಪಗಳ ಸುತ್ತ ಹವಳದ ದಿಬ್ಬವಿದೆ. ದೊಡ್ಡ ಹಡಗು ಅದನ್ನು ದಾಟಿ ದಡಕ್ಕೆ ಹೋಗುವಂತಿಲ್ಲ. ಹೊರಗೆ ನಿಲ್ಲುತ್ತದೆ. ದ್ವೀಪದ ಸಣ್ಣ ದೋಣಿಗಳು ಬಂದು ಪಕ್ಕಕ್ಕೆ ಒರಗುತ್ತವೆ. ಹಡಗಿನ ಹೊಟ್ಟೆಯಲ್ಲಿ, ನೀರಿಗೆ ತೀರ ಹತ್ತಿರ, ಒಂದು ಬಾಗಿಲು ತೆರೆಯುತ್ತಾರೆ. ದೋಣಿ ಅಲೆಯ ಜೊತೆ ಏಳುತ್ತದೆ, ಬೀಳುತ್ತದೆ, ಎದ್ದ ಗಳಿಗೆಯಲ್ಲಿ ಆಳುಗಳು ತೋಳು ಹಿಡಿದು "ಹಾಂ, ಈಗ" ಎನ್ನುತ್ತಾರೆ, ಹೆಜ್ಜೆ ಹಾಕಬೇಕು. ಊರುಗೋಲಿನವರಿಗೆ ಸಾಧ್ಯವಿಲ್ಲ. ಬರೆದುಕೊಟ್ಟ ಕಾಗದದಲ್ಲೇ ಇದೆಲ್ಲ ಇತ್ತು, ಪುಟ್ಟಿಗೂ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಅಮ್ಮನ ವಿಷಯ. ಎಪ್ಪತ್ತನಾಲ್ಕು ವಯಸ್ಸು, ಎರಡೂ ಮಂಡಿಗೆ ಎಣ್ಣೆ ತಿಕ್ಕಿಕೊಂಡೇ ದಿನ ಶುರುಮಾಡುವವರು. ಅವರು ಮಗುವಿನ ಜೊತೆ ಉಳಿಯುತ್ತಾರೆ, ನಾವಿಬ್ಬರು ಹೋಗಿ ಬರೋಣ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿತ್ಯ ಹಾಕುವ ಚಪ್ಪಲಿ ಕೈಯಲ್ಲಿ ಹಿಡಿದು, ಆಳು "ಈಗ" ಎನ್ನುವ ಮುಂಚೆಯೇ ದೋಣಿಯಲ್ಲಿದ್ದರು. ಹಿಂದೆಯೇ ನನ್ನಾಕೆ. ದೋಣಿ ಹೊರಟ ಮೇಲೆ ಅಮ್ಮ ತಿರುಗಿ ಕೈ ಬೀಸಿದರು. ಅದು ಪುಟ್ಟಿಗೆ, ನನಗಲ್ಲ.

ಪುಟ್ಟಿ ಕೋಣೆ ಸೇರಿ ಹೊದ್ದು ಮಲಗಿದಳು. ಸುತ್ತ ನೀರು, ನಡುವೆ ಕಾಲು ಮುರಿದ ಅಭಿಮಾನಿ. ನನಗೆ ರನ್ನನ ಗದಾಯುದ್ಧ ನೆನಪಾಗದೆ ಇನ್ನೇನಾಗಬೇಕು? ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ ದುರ್ಯೋಧನ, ದಡದಲ್ಲಿ ನಿಂತು ಮೂದಲಿಸುವ ಭೀಮ. ಭೀಮನ ಗರ್ಜನೆಗೆ ನೀರಿನಲ್ಲಿ ಮುಳುಗಿದ್ದವನೂ ಬೆವೆತುಹೋದ ಎನ್ನುತ್ತಾನೆ ರನ್ನ. ನಾನೂ ಬಾಗಿಲಲ್ಲಿ ನಿಂತು ಭೀಮನ ಪಾತ್ರ ಕಟ್ಟಿದೆ. ಎದ್ದು ಬಾ, ಡೆಕ್ಕಿಗೆ ಹೋಗೋಣ, ಹೇಡಿಯ ಹಾಗೆ ಅಡಗಿದ್ದೀಯಲ್ಲ, ಐಸ್ ಕ್ರೀಂ ಇದೆ. ಹೊದಿಕೆಯೊಳಗಿಂದ ಉತ್ತರ ಬಂತು: "ದುರ್ಯೋಧನ ಮೊದಲು ಹೊರಗೆ ಬಂದ, ಆಮೇಲೆ ಕಾಲು ಮುರೀತು. ನಂದು ಮೊದಲೇ ಮುರಿದಿದೆ. ನಾನ್ಯಾಕೆ ಬರಲಿ?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಒಬ್ಬನೇ ಮೇಲೆ ಹೋದೆ.

ಡೆಕ್ಕಿನಲ್ಲಿ ಜನವೇ ಇರಲಿಲ್ಲ. ಎದುರಿಗೆ ತೆಂಗಿನ ಮರಗಳ ತೆಳ್ಳನೆಯ ಗೆರೆ. ಈಚೆಗೆ ಕಡು ನೀಲಿ, ಆಚೆಗೆ ತಿಳಿ ಹಸಿರು. ಎರಡರ ನಡುವೆ ಅಲೆ ಒಡೆಯುವ ಬಿಳಿ ಪಟ್ಟಿ. ನೋಡುತ್ತ ನೋಡುತ್ತ ಹೊಳೆಯಿತು: ಅದೂ ಹೊಸ್ತಿಲೇ. ಹೊರಗಿನ ಅಬ್ಬರವನ್ನು ಹೊರಗೇ ತಡೆದು ಒಳಗೆ ಮೊಣಕಾಲುದ್ದದ ನೀರನ್ನು ತಣ್ಣಗೆ ಇಟ್ಟಿರುವ ಹವಳದ ಹೊಸ್ತಿಲು. ನಮ್ಮ ಹನ್ನೊಂದು ಅಂತಸ್ತಿನ ಹಡಗು ಬಾಗಿಲಲ್ಲಿ ನಿಂತ ನೆಂಟ. ಇಂಥ ದ್ವೀಪಗಳು ಹೇಗಾಗುತ್ತವೆಂದು ಡಾರ್ವಿನ್ 1842ರಲ್ಲೇ ಒಂದು ಪುಸ್ತಕ ಬರೆದ. ಸಮುದ್ರದಲ್ಲಿ ಅಗ್ನಿಪರ್ವತವೊಂದು ತಲೆ ಎತ್ತುತ್ತದೆ. ಅದರ ಅಂಚಿಗೆ ಹವಳ ಹಬ್ಬುತ್ತದೆ. ಪರ್ವತ ಮೆಲ್ಲಮೆಲ್ಲಗೆ ಕುಸಿಯುತ್ತದೆ, ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಪರ್ವತ ಪೂರ್ತಿ ಮುಳುಗಿ ಹವಳದ ಬಳೆಯೊಂದು ಉಳಿಯುತ್ತದೆ. ಅಂದರೆ ಮನೆ ಹೋಗಿ ಹೊಸ್ತಿಲು ಉಳಿದ ಊರು. ಆ ಹೊಸ್ತಿಲ ಮೇಲೆ ಮರಳು ಬಿದ್ದು, ತೆಂಗು ಬೆಳೆದು, ಜನ ಬಾಳುತ್ತಿದ್ದಾರೆ. ಕೂರಬಾರದು ಎಂದು ಅವರಿಗೆ ಹೇಳುವ ಅಜ್ಜಿಯರಿಲ್ಲ.

ನಮಗೂ ಈ ಕಡಲಿಗೂ ನಂಟಿತ್ತು ಎನ್ನುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಮರೆತೇ ಹೋಗಿದೆ. ಅಗತ್ತಿಯಿಂದ ಉತ್ತರಕ್ಕಿರುವ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಕಲೆಕ್ಟರು ಮಂಗಳೂರಿನಲ್ಲಿದ್ದರು. ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ನಾರು ತುಂಬಿಕೊಂಡು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಜಿಲ್ಲೆಯ ಹೊಸ್ತಿಲು ದಡದಿಂದ 250-300 ಕಿಲೋಮೀಟರ್ ಆಚೆ, ನೀರಿನ ನಡುವೆ ಇತ್ತು. 1956ರ ನವೆಂಬರ್ 1ರಂದು, ನಾವೆಲ್ಲ ಒಂದೇ ಮನೆಯವರಾದ ದಿನವೇ, ಆ ಕಡೆಯ ಹೊಸ್ತಿಲು ಬೇರೆ ಮನೆಗೆ ಹೋಯಿತು. ಅಮ್ಮ ಹೇಳಿದ್ದು ಸರಿಯೇ, ಒಂದು ರೂಮಿಂದ ಇನ್ನೊಂದು ರೂಮು. ಇದನ್ನು ಕೂಡಲೇ ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಸಿಕ್ಕಬಹುದಾದವಳು ಒಬ್ಬಳೇ, ಅವಳು ಸರೋವರದ ತಳದಲ್ಲಿದ್ದಳು.

ಕೆಳಗೆ ಹೋದೆ. ಹಾಸಿಗೆ ಖಾಲಿ. ಊರುಗೋಲೊಂದು ನೆಲದ ಮೇಲೆ. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಬಚ್ಚಲುಮನೆಯೊಳಗಿಂದ ಹಾಡು ಗುನುಗುವ ಸದ್ದು. ಬಾಗಿಲು ತೆರೆದೇ ಇತ್ತು. ಪುಟ್ಟಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಬಾಚಣಿಗೆ ಇಟ್ಟು, ಮಾತಿಲ್ಲದೆ ತೋರಿಸಿಕೊಟ್ಟಳು. ಹೊಸ್ತಿಲಿಗೆ ಬೆನ್ನು ಮಾಡಿದಳು. ಎಡಗೈಲಿ ಬಾಗಿಲ ಚೌಕಟ್ಟು, ಬಲಗಂಕುಳಲ್ಲಿ ಇನ್ನೊಂದು ಊರುಗೋಲು. ಹೊಸ್ತಿಲ ಮೇಲೆ ಕೂತಳು. ಹೌದು, ಕೂತಳು. ನೇರಳೆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆಯಿಂದ ಈಚೆಗೆ ತಂದಳು, ಹಾಲಿನ ಪಾತ್ರೆ ಇಳಿಸುವ ಹಾಗೆ. ಆಮೇಲೆ ಗಟ್ಟಿ ಕಾಲು. ಆಮೇಲೆ ಚೌಕಟ್ಟು ಹಿಡಿದು ಎದ್ದಳು. ಬಲಗಾಲು ಮೊದಲಾಗಿತ್ತು. "ಅಜ್ಜಿಗೆ ಕೂತದ್ದು ಹೇಳಬೇಡ" ಎಂದಳು.

ಕೂತದ್ದು ಹೇಳಲಿಲ್ಲ, ದಾಟಿದ್ದು ಹೇಳಿದೆ. ಮಕ್ಕಳು ಅಂಬೆಗಾಲಿಟ್ಟು ಮೊದಲ ಸಲ ಹೊಸ್ತಿಲು ದಾಟಿದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡುವುದು ಪದ್ಧತಿ. ಪುಟ್ಟಿ ಒಂಬತ್ತು ತಿಂಗಳಿಗೆ ದಾಟಿದಾಗ ಅಮ್ಮ ಮೂವತ್ತು ಹೋಳಿಗೆ ತಟ್ಟಿ ಬೀದಿಗೆಲ್ಲ ಹಂಚಿದ್ದರು. ಅಂದು ಸಂಜೆ ದ್ವೀಪದಿಂದ ಬಂದ ಅಮ್ಮನ ಸೀರೆಯ ಅಂಚೆಲ್ಲ ಒದ್ದೆ. ಮಡಿಕೆಗಳಲ್ಲಿ ಬಿಳಿ ಮರಳು, ನಡೆದಲ್ಲೆಲ್ಲ ಉದುರುತ್ತಿತ್ತು. ಸಮಾಚಾರ ಕೇಳಿದವರೇ ಸೀರೆ ಕೂಡ ಬದಲಾಯಿಸದೆ ಮೇಲೆ ಹೋಗಿ ತಟ್ಟೆ ತುಂಬ ಜಿಲೇಬಿ ತಂದರು. "ಹೋಳಿಗೆ ಇಲ್ವಂತೆ" ಎಂದರು. ಕುಂದಾಪುರದ ಹುಡುಗನಿಗೂ ಎರಡು ಕೊಟ್ಟರು. ಆತ ಬಾಗಿಲ ಆಚೆ ನಿಂತಿದ್ದ; ಹೊಸ್ತಿಲಾಚೆ ಕೊಡಬಾರದೆಂದು ಅವನನ್ನು ಒಳಗೆ ಕರೆದು ಕೊಟ್ಟರು. ನನ್ನಾಕೆ ದೋಣಿಯಿಂದ ತೆಗೆದ ಫೋಟೋಗಳನ್ನು ತೋರಿಸಿದಳು. ಒಂದರಲ್ಲಿ ನಮ್ಮ ಹಡಗು ಬೆರಳುಗುರಿನಷ್ಟು ಕಾಣುತ್ತಿತ್ತು. "ಇದರಲ್ಲಿ ನಾನೆಲ್ಲಿ?" ಎಂದು ಪುಟ್ಟಿ ಬಹಳ ಹೊತ್ತು ಹುಡುಕಿದಳು.

ಕಟ್ಟು ಬಿಚ್ಚಿ ತಿಂಗಳುಗಳಾದವು. ಅವಳು ಮತ್ತೆ ಖೋ ಖೋ ಆಡುತ್ತಾಳೆ. ಸಹಿಗಳ ಕಟ್ಟನ್ನು ಎಸೆಯಲು ಬಿಡದೆ ಅಟ್ಟದ ಮೇಲೆ ಇಟ್ಟಿದ್ದಾಳೆ. ಒಂದು ಊರುಗೋಲು ಅಮ್ಮನ ವಶವಾಗಿದೆ. ಹಿತ್ತಲಿನ ಸಂಪಿಗೆಯ ಕೊಂಬೆ ಬಗ್ಗಿಸಲು ಅದಕ್ಕಿಂತ ಒಳ್ಳೆಯ ದೋಟಿ ಸಿಕ್ಕಿಲ್ಲವಂತೆ.

ಬಡಗಿ ಇನ್ನೂ ಇಲ್ಲೇ ಇದ್ದಾನೆ. ಅಳತೆಪಟ್ಟಿ ಬಿಚ್ಚಿಕೊಂಡು ಆರಾಮಾಗಿ ಹೊಸ್ತಿಲ ಮೇಲೆಯೇ ಕೂತ. ಅಮ್ಮ ಒಳಗಿಂದ ಕೂಗಿದರು: "ಹೊಸ್ತಿಲ ಮೇಲೆ ಕೂರಬಾರದಪ್ಪ." ಆತ ಏಳುತ್ತ, "ತೆಗೆದುಬಿಟ್ರೆ ಎಲ್ಲಿ ಬೇಕಾದ್ರೂ ಕೂತ್ಕೋಬಹುದು ಅಜ್ಜಿ" ಎಂದ. ಪುಟ್ಟಿ ನನ್ನ ಕಡೆ ನೋಡಿದಳು. ನಾನು ಕಿರುಬೆರಳಿಗೆ ಅರಿಸಿನ ಒತ್ತಿಕೊಳ್ಳುತ್ತ ಹೇಳಿದೆ, ಗೆದ್ದಲು ತಿಂದ ತುದಿ ಮಾತ್ರ ಬದಲಾಯಿಸು. ಹೊಸ ಮರದ ಬಣ್ಣ ಹಳೆಯದಕ್ಕೆ ಕೂಡುವುದಿಲ್ಲ ಎಂದ. ಕೂಡದಿದ್ದರೆ ಬೇಡ.

ಇನ್ನೊಂದು ಊರುಗೋಲು ಎಲ್ಲಿ ಎಂದಿರಾ? ಹಿತ್ತಲಲ್ಲಿ ಬಾಳೆಯೊಂದು ಗೊನೆ ಹಾಕಿ ಭಾರಕ್ಕೆ ವಾಲಿತ್ತು. ಅದಕ್ಕೆ ಆನಿಸಿದ್ದೇವೆ. ಕಂಕುಳಿಗೆ ಮೆತ್ತೆ ಇರುವುದರಿಂದ ಗಿಡಕ್ಕೂ ಒತ್ತುವುದಿಲ್ಲ. ರಸಬಾಳೆಯ ಗಿಡವೆಂದು ನಂಜನಗೂಡಿನಿಂದ ತಂದದ್ದು, ಕಾಯಿ ನೋಡಿದರೆ ಬೇರೆ ಏನೋ ಅನ್ನಿಸುತ್ತಿದೆ. ಬಲಿಯಲಿ, ನೋಡೋಣ.